ರಾಗದ ರಸ ಸವಿಯುವುದು ಹೇಗೆ?

ರಾಗಗಳ ಹೆಸರು ಗೊತ್ತಿಲ್ಲವೆಂದು ಕಛೇರಿಗೆ ಹೋಗಲು ಹಿಂಜರಿಯುವವರು ಬಹಳ ಮಂದಿ. ಅವರಿಗೆ ನಮ್ಮ ಹಳೆಯ ರಸಶಾಸ್ತ್ರ ಇಂದಿಗೂ ಒಳ್ಳೆಯ ಮಾರ್ಗದರ್ಶಿ.

1. ಎರಡು ರಾಗ, ಒಂದು ಸ್ವರ

ಮೋಹನ ಮತ್ತು ಶಿವರಂಜಿನಿ ರಾಗಗಳ ಆಲಾಪನೆಗಳನ್ನು ಒಂದರ ಹಿಂದೊಂದು ಕೇಳಿ. ಎರಡರಲ್ಲೂ ಐದೇ ಸ್ವರ. ವ್ಯತ್ಯಾಸ ಇರುವುದು ಗಾಂಧಾರದಲ್ಲಿ ಮಾತ್ರ. ಮೋಹನದ ಅಂತರ ಗಾಂಧಾರದ ಜಾಗಕ್ಕೆ ಸಾಧಾರಣ ಗಾಂಧಾರ ಬಂದದ್ದೇ ತಡ, ಅರಳಿದ್ದ ಮನಸ್ಸು ಆರ್ದ್ರವಾಗುತ್ತದೆ.

2. ಸ್ವರದಾಚೆಗೂ ಕಿವಿಗೊಡಿ

ಭರತನ ನಾಟ್ಯಶಾಸ್ತ್ರ ಗಾಂಧಾರ, ನಿಷಾದಗಳನ್ನು ಕರುಣ ರಸಕ್ಕೆ ಹೊಂದಿಸಿದೆ. ಆದರೆ ಅದೇ ಸಾಧಾರಣ ಗಾಂಧಾರ ಹಿಂದೋಳದಲ್ಲೂ ಇದೆ. ಅಲ್ಲಿ ಅದರ ಬಣ್ಣವೇ ಬೇರೆ. ವಿಭಾವ (ಭಾವಕ್ಕೆ ಕಾರಣವಾದದ್ದು), ಅನುಭಾವ (ಅದರ ಹೊರತೋರಿಕೆ), ವ್ಯಭಿಚಾರಿ ಭಾವ (ಬಂದುಹೋಗುವ ಭಾವ) ಇವು ಕೂಡಿದಾಗ ರಸವೆಂಬುದು ಭರತನ ನಿಲುವು. ಗಾಯನದಲ್ಲೂ ಅಷ್ಟೇ: ಗಮಕ, ಕಾಲ, ಕಂಠ, ಸಾಹಿತ್ಯ ಎಲ್ಲ ಸೇರಿ ಭಾವ ಕಟ್ಟುತ್ತವೆ. ಇಂದಿನ ಮನೋವಿಜ್ಞಾನಿಗಳೂ ವೇಗ, ನಾದದ ಏರಿಳಿತ, ಧ್ವನಿಯ ಗುಣ ಮುಂತಾದ ಹಲವು ಸುಳಿವುಗಳನ್ನು ಒಟ್ಟಿಗೆ ಇಟ್ಟುಕೊಂಡೇ ಸಂಗೀತದ ಭಾವವನ್ನು ಪರೀಕ್ಷಿಸುತ್ತಾರೆ.

3. ಎರಡು ಪ್ರಶ್ನೆ ಕೇಳಿಕೊಳ್ಳಿ

ಹಾಡಿನಲ್ಲಿರುವ ಭಾವ ಯಾವುದು? ನನ್ನೊಳಗೆ ಆಗುತ್ತಿರುವುದೇನು? ಇವೆರಡು ಒಂದೇ ಅಲ್ಲವೆಂದು ಇಂದಿನ ಸಂಶೋಧಕರು ಬೇರ್ಪಡಿಸಿ ನೋಡುತ್ತಾರೆ. ಸಾವಿರ ವರ್ಷದ ಹಿಂದೆ ಕಾಶ್ಮೀರದ ಅಭಿನವಗುಪ್ತ ಇದರ ಆಳಕ್ಕೆ ಇಳಿದಿದ್ದ. ಕಲೆಯಲ್ಲಿ ಕಾಣುವ ಶೋಕ ನನ್ನದೂ ಅಲ್ಲ, ಪರರದೂ ಅಲ್ಲ. ಅದು ಸಾಧಾರಣೀಕರಣಗೊಂಡು ಎಲ್ಲರದೂ ಆಗುತ್ತದೆ. ಕರುಣ ರಸದಲ್ಲಿ ಕಣ್ಣು ತುಂಬಿದರೂ ಅದನ್ನೇ ಮತ್ತೆ ಕೇಳಬೇಕೆನಿಸುವುದು ಇದಕ್ಕೇ. ಹಾಗೆ ಕಣ್ಣು ತುಂಬಿದರೆ ಸಂಕೋಚ ಬೇಡ, ತುಂಬದಿದ್ದರೂ ಕೊರತೆಯೆಂದುಕೊಳ್ಳಬೇಡಿ. ಭಾವವನ್ನು ಗುರುತಿಸಿದ್ದೂ ರಸಿಕತೆಯೇ.

4. ಶಾಂತಕ್ಕೆ ಸಮಯ ಕೊಡಿ

ಬಾಲ್ಕ್‌ವಿಲ್ ಮತ್ತು ಥಾಮ್ಸನ್ ಎಂಬ ಸಂಶೋಧಕರು 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 30 ಪಾಶ್ಚಾತ್ಯ ಕೇಳುಗರು 12 ಹಿಂದೂಸ್ತಾನಿ ರಾಗಗಳ ತುಣುಕುಗಳನ್ನು ಕೇಳಿದರು. ಸಂತೋಷ, ದುಃಖ, ಕೋಪ ಅವರಿಗೆ ಹಿಡಿತಕ್ಕೆ ಸಿಕ್ಕವು. ಶಾಂತಿ ಅಷ್ಟು ಸುಲಭವಾಗಿ ಸಿಗಲಿಲ್ಲ. ಭರತ ಎಣಿಸಿದ ಎಂಟು ರಸಗಳ ಜೊತೆಗೆ ಶಾಂತವೂ ರಸವೆಂದು ಬಲವಾಗಿ ವಾದಿಸಿದವನು ಅಭಿನವಗುಪ್ತನೇ. ಸತತ ಅಭ್ಯಾಸದಿಂದ ಮನಸ್ಸು ತಿಳಿಯಾದವನೇ ಸಹೃದಯ ಎಂಬುದೂ ಅವನ ಮಾತಿನ ಸಾರ.

ಹಾಗಾಗಿ ಮನಸ್ಸಿಗೆ ಹಿಡಿಸಿದ ಒಂದೇ ರಾಗವನ್ನು ಆರಿಸಿಕೊಳ್ಳಿ. ಹಲವರ ಕಂಠದಲ್ಲಿ, ವೀಣೆಯಲ್ಲಿ, ಕೊಳಲಿನಲ್ಲಿ ಅದನ್ನು ಮತ್ತೆ ಮತ್ತೆ ಕೇಳಿ. ಹೆಸರು, ಲಕ್ಷಣಗಳನ್ನೆಲ್ಲ ಆಮೇಲೆ ಕಲಿತರಾಯಿತು. ರಸಿಕರಾಗುವುದಕ್ಕೆ ಈ ಕೇಳ್ಮೆಯೇ ಮೊದಲ ಪಾಠ.