ಕರಿ ಅಂಚಿನ ಚೌಕ ಪಿಜ್ಜಾ ಹುಡುಕುವವರಿಗೆ

ಡೆಟ್ರಾಯಿಟ್ ಸೀಮೆಯಲ್ಲಿ ಕೆಲವು ವರ್ಷ ಇದ್ದು, ಕೆಲಸ ಬದಲಿಸಿ ಟೆಕ್ಸಾಸ್‌ಗೋ ಕ್ಯಾಲಿಫೋರ್ನಿಯಾಕ್ಕೋ ಹೋದವರು ಹೊಸ ಊರಿನಲ್ಲಿ ಬೇಗನೆ ಹುಡುಕತೊಡಗುವ ತಿನಿಸು ಚೌಕ ಪಿಜ್ಜಾ. ದುಂಡು ಪಿಜ್ಜಾಕ್ಕೆ ಅಮೆರಿಕದಲ್ಲಿ ಎಲ್ಲೂ ಬರವಿಲ್ಲ. ಇವರಿಗೆ ಬೇಕಾದದ್ದು ಎರಡು ಬೆರಳು ದಪ್ಪದ, ಒಳಗೆ ಮೆತ್ತಗಿರುವ, ತಳ ಎಣ್ಣೆಯಲ್ಲಿ ಕರಿದು ಗರಿಗರಿಯಾದ ಪಿಜ್ಜಾ. ಅದರಲ್ಲಿ ಚೀಸ್ ಕೆಳಗೆ, ಟೊಮೆಟೊ ಸಾಸ್ ಮೇಲೆ. ನಾಲ್ಕೂ ಕಡೆ ಚೀಸ್ ಸೀದು ಕರಿಗಂದು ಬಣ್ಣಕ್ಕೆ ತಿರುಗಿದ ಅಂಚು ಇರಲೇಬೇಕು. ಆ ಅಂಚಿಲ್ಲದಿದ್ದರೆ ಬೋರ್ಡಿನ ಮೇಲೆ ಡೆಟ್ರಾಯಿಟ್ ಎಂದು ಎಷ್ಟು ದಪ್ಪ ಅಕ್ಷರದಲ್ಲಿ ಬರೆದಿದ್ದರೂ ಅದು ಬೇರೆ ಏನೋ.

ಕನ್ನಡಿಗರಿಗೆ ಈ ಊರು ದೂರದ್ದಲ್ಲ. ಕಾರು ಕಂಪನಿಗಳ ನಂಟಿನಿಂದ ಡೆಟ್ರಾಯಿಟ್ ಸುತ್ತಮುತ್ತ ಮನೆ ಮಾಡಿಕೊಂಡ ಕನ್ನಡದ ಎಂಜಿನಿಯರುಗಳು ಬಹಳ ಮಂದಿ. 2002ರ ‘ಅಕ್ಕ’ ವಿಶ್ವ ಕನ್ನಡ ಸಮ್ಮೇಳನ ನಡೆದದ್ದೂ ಅಲ್ಲೇ. ಇನ್ನೊಂದು ನಂಟು ಕರ್ನಾಟಕದ ಊರೂರಲ್ಲೂ ಕಾಣುತ್ತದೆ. ನಮ್ಮ ಜಿಲ್ಲಾ ಕೇಂದ್ರಗಳ ಮುಖ್ಯರಸ್ತೆಗಳವರೆಗೆ ಬಂದಿರುವ ಡಾಮಿನೋಸ್ ಹುಟ್ಟಿದ್ದು ಅದೇ ಮಿಶಿಗನ್ ರಾಜ್ಯದ ಇಪ್ಸಿಲಾಂಟಿಯಲ್ಲಿ, 1960ರಲ್ಲಿ. ಅದಕ್ಕೆ ಒಂದು ವರ್ಷ ಮೊದಲು ಡೆಟ್ರಾಯಿಟ್ ಪಕ್ಕದ ಗಾರ್ಡನ್ ಸಿಟಿಯಲ್ಲಿ ಲಿಟ್ಲ್ ಸೀಸರ್ಸ್ ಶುರುವಾಗಿತ್ತು. ಹೀಗೆ ಮಿಶಿಗನ್ನಿನ ದುಂಡು ಪಿಜ್ಜಾ ಡಬ್ಬಿಯಲ್ಲಿ ಕೂತು ಲೋಕವನ್ನೆಲ್ಲ ಸುತ್ತಿತು. ಅದಕ್ಕಿಂತ ಹಳೆಯದಾದ, ರುಚಿಯಲ್ಲಿ ಎಷ್ಟೋ ಮೇಲಾದ ಚೌಕ ಪಿಜ್ಜಾ ಮಾತ್ರ ಅರುವತ್ತು ವರ್ಷಕ್ಕೂ ಹೆಚ್ಚು ಕಾಲ ಊರು ಬಿಟ್ಟು ಅಷ್ಟಾಗಿ ಕದಲಲಿಲ್ಲ. ಯಾಕೆ ಎಂಬುದಕ್ಕೆ ಉತ್ತರ ಒಂದು ಟ್ರೇಯಲ್ಲಿ, ಒಂದು ಚೀಸ್‌ನಲ್ಲಿ ಇದೆ.

1946ರಲ್ಲಿ ಡೆಟ್ರಾಯಿಟ್‌ನ ಸಿಕ್ಸ್ ಮೈಲ್ ರಸ್ತೆ ಮತ್ತು ಕೋನಂಟ್ ಬೀದಿ ಕೂಡುವ ಮೂಲೆಯ ‘ಬಡೀಸ್ ರಾಂಡೆವೂ’ ಎಂಬ ಬಾರಿನಲ್ಲಿ ಮಾಲೀಕ ಗಸ್ ಗೆರಾ ಈ ಪಿಜ್ಜಾವನ್ನು ಮಾರಲು ತೊಡಗಿದರು. ಹಿಟ್ಟಿನ ಹದ ಅವರ ಹೆಂಡತಿಯ ತಾಯಿ ಸಿಸಿಲಿಯಿಂದ ತಂದದ್ದು ಎನ್ನುತ್ತಾರೆ. ಅಲ್ಲಿ ಕೆಲಸಕ್ಕಿದ್ದ ಹೆಂಗಸೊಬ್ಬರ ಪಾಲೂ ಇದರಲ್ಲಿದೆ ಎಂದು ವಾದಿಸುವವರಿದ್ದಾರೆ. ಟ್ರೇಯ ಕತೆಯನ್ನು ಮಾತ್ರ ಹೆಚ್ಚುಕಡಿಮೆ ಎಲ್ಲರೂ ಒಂದೇ ರೀತಿ ಹೇಳುತ್ತಾರೆ. ಕಾರು ಕಾರ್ಖಾನೆಗಳಲ್ಲಿ ನಟ್ಟು, ಬೋಲ್ಟು, ಸಣ್ಣಪುಟ್ಟ ಬಿಡಿಭಾಗ ಹಾಕಿಡಲು ಬಳಸುತ್ತಿದ್ದ ನೀಲಿ ಛಾಯೆಯ ಉಕ್ಕಿನ ಟ್ರೇಗಳು ಅಡುಗೆಮನೆಗೆ ಬಂದವು. 1953ರಲ್ಲಿ ಗೆರಾ ಬಡೀಸ್ ಮಾರಿ, ಈಗ ಈಸ್ಟ್‌ಪಾಯಿಂಟ್ ಎಂದು ಕರೆಯುವ ಊರಿನಲ್ಲಿ ಕ್ಲೋವರ್‌ಲೀಫ್ ತೆರೆದರು. ಎರಡೂ ಅಂಗಡಿಗಳು ಹೆಸರು ಮಾಡಿದವು. ಆಮೇಲೆ ಹೇಜಲ್ ಪಾರ್ಕ್‌ನಲ್ಲಿ ಲೂಯೀಸ್ ಬಂತು. ಗಿರಾಕಿಗಳು ಸಹಿ ಹಾಕಿ ಬಿಟ್ಟುಹೋದ ಕಿಯಾಂಟಿ ವೈನ್ ಬಾಟಲಿಗಳು ಅದರ ಗೋಡೆಗಳ ತುಂಬ ಸಾಲುಗಟ್ಟಿವೆ.

ಈ ಟ್ರೇಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಅಳತೆ ಸಾಮಾನ್ಯವಾಗಿ ಎಂಟು ಇಂಚಿಗೆ ಹತ್ತು, ಇಲ್ಲವೇ ಹತ್ತು ಇಂಚಿಗೆ ಹದಿನಾಲ್ಕು. ಗೋಡೆಗಳು ನೆಟ್ಟಗಿರದೆ ಹೊರಕ್ಕೆ ತುಸು ಓರೆಯಾಗಿರುತ್ತವೆ. ಬೇಕರಿಯ ಹೊಳೆಯುವ ಅಲ್ಯೂಮಿನಿಯಂ ತಟ್ಟೆಗಿಂತ ಇದು ಭಾರ, ಬಣ್ಣ ಕಪ್ಪು. ಕಪ್ಪಾದದ್ದರಿಂದ ಒಲೆಯ ಕಾವನ್ನು ಬೇಗ ಹೀರಿ, ಭಾರವಾದದ್ದರಿಂದ ಹಿಡಿದಿಟ್ಟು, ಹಿಟ್ಟಿನ ತಳಕ್ಕೂ ಬದಿಗೂ ಒಂದೇ ಸಮ ಕೊಡುತ್ತದೆ. ಮನೆಯ ದೋಸೆ ಕಾವಲಿಯ ಹಾಗೆ ಇದೂ ಪಳಗಬೇಕು. ಹೊಸ ಟ್ರೇಯಲ್ಲಿ ಹಿಟ್ಟು ಅಂಟಿಕೊಳ್ಳುತ್ತದೆ, ಅಂಚು ಕಿತ್ತುಬರುತ್ತದೆ. ಎಣ್ಣೆ ಹಚ್ಚಿ ಸುಟ್ಟು, ಮತ್ತೆ ಹಚ್ಚಿ ಸುಟ್ಟು, ಸೋಪು ಸೋಕಿಸದೆ ವರ್ಷಗಟ್ಟಲೆ ಬಳಸಿದ ಮೇಲೆಯೇ ಅದು ಹೇಳಿದಂತೆ ಕೇಳುವುದು. ಹಾಗಾಗಿ ಡೆಟ್ರಾಯಿಟ್‌ನ ಹಳೆಯ ಅಂಗಡಿಗಳಲ್ಲಿ ಇಂಥ ಟ್ರೇಗಳಿಗೆ ಬಂಗಾರದ ಬೆಲೆ. ತಯಾರಿಕೆ ನಿಂತು ಹೊಸ ಟ್ರೇಗಳು ಸಿಗದಾದ ಕಾಲದಲ್ಲಿ ಬೇರೆ ಊರಿನಲ್ಲಿ ಅಂಗಡಿ ತೆರೆಯುವ ಆಸೆಯಿದ್ದವರು ಮೊದಲು ಎಡವಿದ್ದೇ ಇಲ್ಲಿ. ಈಗ ವಾಷಿಂಗ್ಟನ್ ರಾಜ್ಯದ ಲಾಯ್ಡ್ ಪ್ಯಾನ್ಸ್ ಕಂಪನಿ ಅದೇ ಆಕಾರದ ಕಪ್ಪು ಅಲ್ಯೂಮಿನಿಯಂ ಟ್ರೇಗಳನ್ನು ಮಾಡುತ್ತದೆ. ಅವಕ್ಕೆ ತುಕ್ಕಿನ ಕಾಟವಿಲ್ಲ, ಪಳಗಿಸುವ ಗೋಜೂ ಇಲ್ಲ. ಇಂದು ಅಮೆರಿಕದ ಬೇರೆ ಬೇರೆ ಊರುಗಳಲ್ಲಿ ಈ ಪಿಜ್ಜಾ ಸಿಗುತ್ತಿದ್ದರೆ ಅದರಲ್ಲಿ ಈ ಟ್ರೇಗಳ ಪಾಲು ಬಹಳ ದೊಡ್ಡದು.

ಎರಡನೆಯದು ಚೀಸ್. ಬ್ರಿಕ್ ಎಂಬ ಹೆಸರಿನ ಈ ಚೀಸನ್ನು ಸ್ವಿಟ್ಜರ್ಲೆಂಡ್ ಮೂಲದ ಜಾನ್ ಜೋಸಿ ವಿಸ್ಕಾನ್ಸಿನ್ನಿನಲ್ಲಿ 1877ರ ಸುಮಾರಿಗೆ ಮೊದಲು ಮಾಡಿದರು. ನೀರು ಹಿಂಡಲು ಇಟ್ಟಿಗೆಗಳನ್ನೇ ಮೇಲೆ ಹೇರುತ್ತಿದ್ದರು. ತೆರೇಸಾ ಎಂಬ ಸಣ್ಣ ಊರಿನ ವಿಡ್ಮರ್ಸ್ ಎಂಬ ಮನೆತನದ ಕಾರ್ಖಾನೆಯಲ್ಲಿ ಇಂದಿಗೂ ಇಟ್ಟಿಗೆ ಹೇರುವ ಪದ್ಧತಿಯೇ ನಡೆದಿದೆ. ಪಿಜ್ಜಾಕ್ಕೆ ಹಾಕುವುದು ಘಾಟು ಬರುವಂತೆ ಮಾಗಿಸಿದ ಬ್ರಿಕ್ ಅಲ್ಲ, ಎಳೆಯದು, ಸೌಮ್ಯವಾದದ್ದು. ಪಿಜ್ಜಾ ಅಂಗಡಿಗಳ ಸಾಧಾರಣ ಮೊಜರೆಲ್ಲಾಕ್ಕಿಂತ ಇದರಲ್ಲಿ ಕೊಬ್ಬು ಹೆಚ್ಚು. ಕಾವಿಗೆ ಸಿಕ್ಕಾಗ ಆ ಕೊಬ್ಬು ಕರಗಿ ಹಿಟ್ಟಿಗೂ ಟ್ರೇಯ ಗೋಡೆಗೂ ನಡುವೆ ಇಳಿಯುತ್ತದೆ. ಅಲ್ಲಿಗೆ ಪಿಜ್ಜಾದ ಬದಿ ಬೇಯುವುದು ಬಿಟ್ಟು ಕರಿಯತೊಡಗುತ್ತದೆ. ಚೀಸನ್ನು ಬೇಕೆಂದೇ ಗೋಡೆಗೆ ಒತ್ತಿ ಹಾಕುವುದು ಅದಕ್ಕೇ. ಒಂದಿಂಚು ಅಂಚು ಬಿಟ್ಟು ನಡುವೆ ಮಾತ್ರ ಉದುರಿಸುವ ಅಡುಗೆಯವನಿಗೆ ಈ ಪಿಜ್ಜಾ ಗೊತ್ತಿಲ್ಲ ಎಂದೇ ತಿಳಿಯಬೇಕು.

ಮಿಕ್ಕದ್ದು ಕ್ರಮದ ಮಾತು. ನೀರು ಹೆಚ್ಚಾಗಿ ಕಲಸಿದ ಸಡಿಲ ಹಿಟ್ಟನ್ನು ಎಣ್ಣೆ ಸವರಿದ ಟ್ರೇಯಲ್ಲಿ ಬೆರಳಿನಿಂದ ತಟ್ಟುತ್ತಾರೆ. ಹಿಟ್ಟು ಹಿಂದಕ್ಕೆ ಎಳೆದುಕೊಂಡರೆ ಹಾಗೇ ಬಿಟ್ಟು, ಅದು ಸುಧಾರಿಸಿಕೊಂಡ ಮೇಲೆ ಮೂಲೆಗೆ ಮುಟ್ಟಿಸುತ್ತಾರೆ. ಪೆಪರೋನಿ ಹಾಕುವುದಿದ್ದರೆ ನೇರ ಹಿಟ್ಟಿನ ಮೇಲೆ, ಅದರ ಮೇಲೆ ಚೀಸ್. ಸಾಸನ್ನು ಸೌಟಿನಲ್ಲಿ ಉದ್ದುದ್ದ ಪಟ್ಟೆಯಾಗಿ ಎಲ್ಲಕ್ಕಿಂತ ಮೇಲೆ ಎಳೆಯುತ್ತಾರೆ. ಕೆಲವರು ಬೇಯಿಸುವ ಮೊದಲು, ಕೆಲವರು ಬೇಯಿಸಿ ತೆಗೆದ ಮೇಲೆ. ಸಾಸ್ ಕೆಳಗಿಲ್ಲದ್ದರಿಂದ ಹಿಟ್ಟು ಹಸಿಯಾಗಿ ಉಳಿಯುವುದಿಲ್ಲ, ಒಳಗೆ ಸಣ್ಣ ಸಣ್ಣ ತೂತುಗಳೊಂದಿಗೆ ಹಗುರವಾಗಿ ಉಬ್ಬುತ್ತದೆ. ಒಲೆಯಿಂದ ಹೊರಗೆ ಬಂದ ಕೂಡಲೇ ಚಪ್ಪಟೆ ಸಟ್ಟುಗವನ್ನು ನಾಲ್ಕೂ ಗೋಡೆಗೆ ಆನಿಸಿ ಎಳೆದು, ಇಡೀ ಪಿಜ್ಜಾವನ್ನು ಒಂದೇ ಏಟಿಗೆ ಎತ್ತಿ ಜಾಲರಿಯ ಮೇಲೆ ಇಡಬೇಕು. ತಡ ಮಾಡಿದರೆ ತನ್ನದೇ ಹಬೆಗೆ ತಳ ಮೆತ್ತಗಾಗುತ್ತದೆ.

ಹೊಸ ಊರಿನಲ್ಲಿ ಇದನ್ನೆಲ್ಲ ಹುಡುಕಿ ಸೋತು, ಕೊನೆಗೆ ತಾವೇ ಮಾಡಲು ಇಳಿದವರೂ ಇದ್ದಾರೆ. ಡೆಟ್ರಾಯಿಟ್‌ನಿಂದ ಆಸ್ಟಿನ್‌ಗೆ ಬಂದ ಜೇನ್ ಹಂಟ್ ಮತ್ತು ಬ್ರಾಂಡನ್ ಹಂಟ್ ಎಂಬ ಅಣ್ಣತಮ್ಮಂದಿರು 2011ರಲ್ಲಿ ಬಾರೊಂದರ ಹೊರಗೆ ಟ್ರೇಲರ್ ಗಾಡಿ ನಿಲ್ಲಿಸಿ ತವರಿನ ಪಿಜ್ಜಾ ಮಾರತೊಡಗಿದರು. ತಮ್ಮ ಊರಿನ ಟೆಲಿಫೋನ್ ಕೋಡನ್ನೇ ಸೇರಿಸಿ ‘ವಯಾ 313’ ಎಂದು ಹೆಸರಿಟ್ಟರು. ಮಾಂಸ, ಬಾರ್ಬೆಕ್ಯೂ ಬಿಟ್ಟರೆ ಬೇರೆಯದಕ್ಕೆ ಸುಲಭವಾಗಿ ಮಣಿಯದ ಟೆಕ್ಸಾಸ್‌ನಲ್ಲಿ ಆ ಗಾಡಿ ಹಲವು ಅಂಗಡಿಗಳಾಗಿ ಬೆಳೆಯಿತು.

ಅದರ ಮರುವರ್ಷ ಇನ್ನೂ ದೊಡ್ಡ ತಿರುವು ಬಂತು. ಕ್ಲೋವರ್‌ಲೀಫ್‌ನಲ್ಲಿ ಮನೆಮನೆಗೆ ಪಿಜ್ಜಾ ತಲುಪಿಸುವ ಹುಡುಗನಾಗಿ ಕೆಲಸಕ್ಕೆ ಸೇರಿದ್ದ ಶಾನ್ ರಾಂಡಾಜೊ 2012ರಲ್ಲಿ ಲಾಸ್ ವೇಗಸ್‌ನ ಅಂತರರಾಷ್ಟ್ರೀಯ ಪಿಜ್ಜಾ ಮೇಳದ ಸ್ಪರ್ಧೆಯಲ್ಲಿ ಇದೇ ಚೌಕ ಪಿಜ್ಜಾ ಮಾಡಿ ಗೆದ್ದರು. ಗೆದ್ದವರು ಗುಟ್ಟು ಕಾಪಾಡಿಕೊಂಡು ಕೂರಲಿಲ್ಲ. ಬೇರೆ ಊರಿನ ಪಿಜ್ಜಾದವರಿಗೆ ಹಿಟ್ಟಿನ ಹದ, ಟ್ರೇಯ ಪಳಗಿಕೆ ಎಲ್ಲವನ್ನೂ ಕಲಿಸಿದರು. 2020ರಲ್ಲಿ, ಇನ್ನೂ ನಡುವಯಸ್ಸಿನಲ್ಲೇ, ತೀರಿಕೊಂಡರು. ಡೆಟ್ರಾಯಿಟ್ ಪಿಜ್ಜಾ ಹೊರಗಿನವರ ಕೈಯಲ್ಲೂ ಕೆಡದೆ ಉಳಿದಿದ್ದರೆ ಅದಕ್ಕೆ ಇವರಷ್ಟು ಕಾರಣರಾದವರು ಕಡಿಮೆ. 2021ರಲ್ಲಿ ಪಿಜ್ಜಾ ಹಟ್ ಕೂಡ ಅಮೆರಿಕದಲ್ಲಿ ಡೆಟ್ರಾಯಿಟ್ ಹೆಸರಿನ ಪಿಜ್ಜಾ ತಂದಿತು. ಅಲ್ಲಿಂದ ಹೆಸರು ಎಲ್ಲರ ಬಾಯಿಗೂ ಬಂತು, ಹುಡುಕುವವರ ಕೆಲಸವೂ ಹೆಚ್ಚಿತು. ದಪ್ಪ ರೊಟ್ಟಿಯನ್ನು ಚೌಕವಾಗಿ ಕತ್ತರಿಸಿದ್ದೆಲ್ಲ ಈಗ ಡೆಟ್ರಾಯಿಟ್ ಎನಿಸಿಕೊಳ್ಳುತ್ತಿದೆ.

ಊರಿನ ನೀರಿನಿಂದಲೇ ಆ ರುಚಿ ಎಂಬ ಮಾತು ಪಿಜ್ಜಾ ಪ್ರಿಯರಲ್ಲಿ ಬಲವಾಗಿದೆ, ನ್ಯೂಯಾರ್ಕಿನವರಲ್ಲಿ ಇನ್ನೂ ಬಲ. ಅದನ್ನು ಅಷ್ಟಾಗಿ ನಂಬಬೇಕಾಗಿಲ್ಲ. ಊರು ಬಿಟ್ಟ ಪಿಜ್ಜಾದ ಹಣೆಬರಹ ನಿಂತಿರುವುದು ಒಲೆ ಮತ್ತು ಪಾತ್ರೆಯ ಮೇಲೆ. ಕನೆಕ್ಟಿಕಟ್‌ನ ನ್ಯೂ ಹೇವನ್ ಪಿಜ್ಜಾವನ್ನು ನೋಡಿ. 1925ರಲ್ಲಿ ಫ್ರಾಂಕ್ ಪೆಪೆ ವೂಸ್ಟರ್ ಬೀದಿಯಲ್ಲಿ ಶುರು ಮಾಡಿದ ಅಂಗಡಿಯ ತೆಳು, ಕರಿ ಚುಕ್ಕಿಯ ಪಿಜ್ಜಾ ಬೇಯುವುದು ಕಲ್ಲಿದ್ದಲಿನ ದೊಡ್ಡ ಇಟ್ಟಿಗೆ ಒಲೆಯಲ್ಲಿ. ಅಂಥ ಒಲೆ ಕಟ್ಟಿಸುವುದೆಂದರೆ ಹಣ, ಜಾಗ, ಪರವಾನಗಿ ಎಲ್ಲವೂ ಬೇಕು. ಪೆಪೆಯವರ ಮನೆತನ ಫೇರ್‌ಫೀಲ್ಡ್‌ನಲ್ಲಿ ಎರಡನೇ ಅಂಗಡಿ ತೆರೆದದ್ದು 2006ರಲ್ಲಿ, ಅದೂ ಹಳೆಯ ಒಲೆಯ ಪಡಿಯಚ್ಚನ್ನೇ ಕಟ್ಟಿಸಿ. ಡೆಟ್ರಾಯಿಟ್‌ನದಕ್ಕೆ ಆ ತೊಡಕಿಲ್ಲ. ಸಾಧಾರಣ ಗ್ಯಾಸ್ ಒಲೆ ಸಾಕು, ಟ್ರೇ ಸರಿಯಿರಬೇಕು. ಆದ್ದರಿಂದ ಹೊಸ ಊರಿನಲ್ಲಿ ಅಪ್ಪಟ ನ್ಯೂ ಹೇವನ್ ಸಿಗಲಿಲ್ಲವೆಂದು ಬೇಸರಪಡುವುದು ಸಹಜ. ಡೆಟ್ರಾಯಿಟ್ ಸಿಗಲಿಲ್ಲ ಎಂದರೆ ಇನ್ನೂ ನಾಲ್ಕು ಅಂಗಡಿ ನೋಡಿ ಎನ್ನಬೇಕು.

ನೋಡುವುದು ಹೇಗೆ? ಮೊದಲ ಸಲ ಹೋದಾಗ ಸಾದಾ ಚೀಸ್ ಪಿಜ್ಜಾವನ್ನೇ ತರಿಸಿ. ಅಂಗಡಿಯಲ್ಲೇ ಕೂತು ತಿನ್ನಿ. ರಟ್ಟಿನ ಡಬ್ಬಿಯಲ್ಲಿ ಮನೆಗೆ ತಂದದ್ದನ್ನು ತಿಂದು ಯಾವ ಅಂಗಡಿಯನ್ನೂ ಅಳೆಯುವುದು ನ್ಯಾಯವಲ್ಲ. ತುಂಡನ್ನು ಎತ್ತಿ ತಳ ನೋಡಿ: ಸಮನಾಗಿ ಹೊಂಬಣ್ಣಕ್ಕೆ ತಿರುಗಿರಬೇಕು, ಬೆರಳಿಗೆ ತುಸು ಎಣ್ಣೆ ಹತ್ತಬೇಕು, ಬಾಗಬಾರದು. ಅಂಚನ್ನು ಮುರಿದರೆ ಸದ್ದಾಗಬೇಕು. ಬಾಯಿಗೆ ಹಾಕಿಕೊಂಡಾಗ ಕಹಿ ಇರದೆ ಉಪ್ಪುಪ್ಪಾಗಿ, ಹುರಿದ ಬೆಣ್ಣೆಯ ವಾಸನೆ ಬರಬೇಕು. ಕಹಿಯಾದರೆ ಸೀದಿದೆ ಅಷ್ಟೆ. ಆಮೇಲೆ ಚೀಸ್ ಯಾವುದೆಂದು ಕೇಳಿ. ಬ್ರಿಕ್ ಎಂದರೆ ಸಂತೋಷ. ಮೊಜರೆಲ್ಲಾಕ್ಕೆ ಬಿಳಿ ಚೆಡ್ಡಾರ್ ಅಥವಾ ಮಾಂಟೆರೆ ಜ್ಯಾಕ್ ಬೆರೆಸಿದ್ದೇವೆ ಎಂದರೂ ಒಪ್ಪಬಹುದು, ಅಂಚು ಚೆನ್ನಾಗಿಯೇ ಬರುತ್ತದೆ. ಬರೀ ಮೊಜರೆಲ್ಲಾ ಎಂದರೆ ಆ ಅಂಗಡಿಯಲ್ಲಿ ಬೇರೆ ಏನಾದರೂ ತಿನ್ನುವುದು ಲೇಸು. ಸಸ್ಯಾಹಾರಿಗಳು ಇನ್ನೊಂದು ಮಾತು ಕೇಳಿಕೊಳ್ಳಬೇಕು. ಹಾಲು ಒಡೆಸಲು ಬಳಸುವ ರೆನೆಟ್ ಕೆಲವು ಚೀಸ್‌ಗಳಲ್ಲಿ ಪ್ರಾಣಿಮೂಲದ್ದು, ಕೆಲವದರಲ್ಲಿ ಅಲ್ಲ. ಚೀಸಿನ ಪೊಟ್ಟಣದ ಮೇಲೆ ಎಷ್ಟೋ ಸಲ ಅದನ್ನು ಬರೆದಿರುತ್ತಾರೆ.

ಎಲ್ಲೂ ಸಿಗದಿದ್ದರೆ ಅಮೆರಿಕದಲ್ಲಿರುವವರು ಬಡೀಸ್‌ನಿಂದ ಹೆಪ್ಪುಗಟ್ಟಿಸಿದ ಪಿಜ್ಜಾ ತರಿಸಿಕೊಳ್ಳಬಹುದು. ಅದಕ್ಕಿಂತ ಮನೆಯಲ್ಲಿ ಮಾಡುವುದು ಒಳ್ಳೆಯದು. ಬೆಂಗಳೂರಿಗೆ ಹಿಂತಿರುಗಿದವರಿಗೂ ಇದೇ ದಾರಿ ಅನುಕೂಲ. ಹತ್ತು ಹದಿನಾಲ್ಕು ಇಂಚಿನ ಕಪ್ಪು ಟ್ರೇ, ಗ್ಲುಟನ್ ಚೆನ್ನಾಗಿರುವ ಮೈದಾ, ನೂರು ಗ್ರಾಂ ಹಿಟ್ಟಿಗೆ ಎಪ್ಪತ್ತು ಗ್ರಾಂ ನೀರು. ರಾತ್ರಿ ಕಲಸಿ ಫ್ರಿಜ್ಜಿನಲ್ಲಿಟ್ಟರೆ ಮರುದಿನಕ್ಕೆ ಹದವಾಗಿ ಹುದುಗು ಬಂದಿರುತ್ತದೆ. ಬ್ರಿಕ್ ಸಿಗದ ಕಡೆ ಮೊಜರೆಲ್ಲಾ ಎರಡು ಪಾಲು, ಚೆಡ್ಡಾರ್ ಒಂದು ಪಾಲು ಹಾಕಬಹುದು. ಚೆಡ್ಡಾರನ್ನು ಪೂರ್ತಿ ಗೋಡೆಯ ಬದಿಗೇ ಹಾಕಿ, ಮೊಜರೆಲ್ಲಾವನ್ನು ನಡುವೆ ಹರಡಿ. ಮನೆಯ ಓವನ್ ಎಷ್ಟು ಕಾಯುತ್ತದೋ ಅಷ್ಟೂ, ಸಾಧ್ಯವಿದ್ದರೆ 260 ಡಿಗ್ರಿ ಸೆಲ್ಸಿಯಸ್‌ವರೆಗೆ, ಮೊದಲೇ ಕಾಯಿಸಿ ಟ್ರೇಯನ್ನು ಕೆಳಗಿನ ಅಂತಸ್ತಿನಲ್ಲಿಡಿ. ಹನ್ನೆರಡರಿಂದ ಹದಿನೈದು ನಿಮಿಷದಲ್ಲಿ ಅಂಚು ಗೋಡೆಯಿಂದ ಬಿಟ್ಟುಕೊಳ್ಳುತ್ತದೆ. ನಡು ಹೊಂಬಣ್ಣಕ್ಕೆ ಬಂತೆಂದು ಆತುರಪಡದೆ, ಅಂಚಿಗೆ ಬೇಕಾದ ಕಡೆಯ ಎರಡು ನಿಮಿಷವನ್ನು ಒಲೆಯಲ್ಲೇ ಕೊಡಿ. ಸಾಸನ್ನು ಬೇರೆ ಪಾತ್ರೆಯಲ್ಲಿ ಬಿಸಿ ಮಾಡಿಟ್ಟುಕೊಂಡು, ಟ್ರೇ ಹೊರಗೆ ಬಂದ ಮೇಲೆ ಪಟ್ಟೆ ಎಳೆಯಿರಿ.