‘ರನ್’ ಮತ್ತು ನಿಘಂಟಿನ ಅಲ್ಪವಿರಾಮ

ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಸಂಪಾದಕರು ‘ರನ್’ ಕ್ರಿಯಾಪದಕ್ಕೆ 645 ಅರ್ಥಗಳನ್ನು ಗುರುತಿಸಿದ್ದಾರೆ. ನಮ್ಮ ದ್ವಿಭಾಷಾ ನಿಘಂಟುಗಳಲ್ಲಿ ‘ಓಡು, ಹರಿ, ನಡೆಸು, ಸೋರು’ ಎಂಬ ಪರ್ಯಾಯಗಳನ್ನು ಅಲ್ಪವಿರಾಮವಷ್ಟೇ ಬೇರ್ಪಡಿಸಿದಾಗ, ಅವೆಲ್ಲ ಸಮಾನಾರ್ಥಕಗಳೆಂಬ ಭ್ರಮೆ ಹುಟ್ಟುತ್ತದೆ. ಕನ್ನಡದಲ್ಲಿ ಕ್ರಿಯಾಪದವನ್ನು ಬಹುಮಟ್ಟಿಗೆ ನಿರ್ಧರಿಸುವುದು ಕರ್ತೃಪದ: ಕುದುರೆ ಓಡುತ್ತದೆ, ಹೊಳೆ ಹರಿಯುತ್ತದೆ, ಮೂಗು ಸೋರುತ್ತದೆ, ಬಟ್ಟೆ ಬಣ್ಣ ಬಿಡುತ್ತದೆ. ಚುನಾವಣೆಗೆ ಅಮೆರಿಕದ ಅಭ್ಯರ್ಥಿ ‘ಓಡಿದರೆ’, ಬ್ರಿಟನ್ನಿನವನಂತೆ ನಮ್ಮವನೂ ‘ನಿಲ್ಲುತ್ತಾನೆ’.

ಗಡಿನಾಡಿನಲ್ಲಿ ಈ ಲೋಪ ಇನ್ನಷ್ಟು ಗಂಭೀರ. ತಮಿಳಿನಲ್ಲಿ ನದಿಯೂ ‘ಓಡು’ತ್ತದೆ. ಆ ಸಾಮ್ಯದಿಂದ ‘ಹೊಳೆ ಓಡುತ್ತದೆ’ ಎಂದು ಬರೆಯಬಹುದಾದ ತಾಳವಾಡಿಯ ವಿದ್ಯಾರ್ಥಿಯನ್ನು ಇಂಥ ನಿಘಂಟು ತಿದ್ದದು, ಸಮರ್ಥಿಸೀತು. ಪ್ರತಿ ಪರ್ಯಾಯಕ್ಕೂ ಕರ್ತೃಪದಸಹಿತವಾದ ಒಂದು ಪ್ರಯೋಗವಾಕ್ಯವನ್ನು ಒದಗಿಸುವುದು ನಿಘಂಟುಕಾರರ ಕನಿಷ್ಠ ಹೊಣೆ.