ಆಳುವವರಿಗಾಗಿ ಪ್ರಾರ್ಥನೆ: ಗಾಂಧಿನಗರದ ಪತ್ರ, ಸೂರತ್‌ನ ಪ್ರಶ್ನೆ

2017ರ ನವೆಂಬರ್ 21ರಂದು ಗಾಂಧಿನಗರದ ಮಹಾಧರ್ಮಾಧ್ಯಕ್ಷ ಥಾಮಸ್ ಮ್ಯಾಕ್ವಾನ್ ತಮ್ಮ ಜನರಿಗೆ ಒಂದು ಪತ್ರ ಬರೆದರು. ಗುಜರಾತ್ ವಿಧಾನಸಭೆಗೆ ಡಿಸೆಂಬರ್ 9 ಮತ್ತು 14ರಂದು ಮತದಾನ ನಡೆಯುವುದಿತ್ತು. ಧರ್ಮಕೇಂದ್ರಗಳಲ್ಲಿ, ಕಾನ್ವೆಂಟುಗಳಲ್ಲಿ ಒಟ್ಟುಗೂಡಿ ಜಪಮಾಲೆ ಹೇಳಿ, ಸಂವಿಧಾನಕ್ಕೆ ನಿಷ್ಠರಾದವರು, ಭೇದವೆಣಿಸದೆ ಎಲ್ಲರನ್ನೂ ಗೌರವಿಸುವವರು ಆರಿಸಿ ಬರಲಿ ಎಂದು ಬೇಡಿಕೊಳ್ಳಿ ಎಂಬುದು ಅದರ ತಿರುಳು. ಅಲ್ಪಸಂಖ್ಯಾತರಲ್ಲಿ, ಹಿಂದುಳಿದವರಲ್ಲಿ, ಬಡವರಲ್ಲಿ ಅಭದ್ರತೆಯ ಭಾವ ಹೆಚ್ಚುತ್ತಿದೆ ಎಂಬ ಸಂಕಟವೂ ಅದರಲ್ಲಿತ್ತು. ಜೊತೆಗೆ, ದೇಶವನ್ನು ರಾಷ್ಟ್ರೀಯವಾದಿ ಶಕ್ತಿಗಳಿಂದ ಕಾಪಾಡಬೇಕೆಂಬ ಒಂದು ಮಾತೂ ಇತ್ತು. ಪತ್ರದ ಉಳಿದ ಭಾಗವೆಲ್ಲ ಜನರ ನೆನಪಿನಿಂದ ಅಳಿಸಿಹೋಗಿ ಆ ಒಂದು ಮಾತೇ ಉಳಿಯಿತು.

ಗಾಂಧಿನಗರದ ಜಿಲ್ಲಾ ಚುನಾವಣಾಧಿಕಾರಿ ನೋಟಿಸ್ ಕೊಟ್ಟರು. ಯಾವ ಪಕ್ಷದ ಪರವಾಗಿಯೂ ಬರೆದದ್ದಲ್ಲ ಎಂದು ಮಹಾಧರ್ಮಾಧ್ಯಕ್ಷರು ಸ್ಪಷ್ಟಪಡಿಸಿದರು. ಡಿಸೆಂಬರ್ 3ರಂದು ಅಹಮದಾಬಾದಿನಲ್ಲಿ ಆಸ್ಪತ್ರೆಯೊಂದನ್ನು ಉದ್ಘಾಟಿಸಿದ ಪ್ರಧಾನಿ ನರೇಂದ್ರ ಮೋದಿ ಅದೇ ವೇದಿಕೆಯಿಂದ ಪತ್ರಕ್ಕೆ ಉತ್ತರ ಕೊಟ್ಟರು. ಯೆಮೆನ್‌ನಲ್ಲಿ ಸೆರೆಯಾಗಿದ್ದ ಫಾದರ್ ಟಾಮ್ ಉಳುನ್ನಾಲಿಲ್, ಅಫ್ಘಾನಿಸ್ತಾನದಲ್ಲಿ ಅಪಹರಣಕ್ಕೊಳಗಾಗಿದ್ದ ಫಾದರ್ ಪ್ರೇಮ್ ಕುಮಾರ್ ಇವರನ್ನು ಬಿಡಿಸಿ ತಂದದ್ದು ರಾಷ್ಟ್ರಭಕ್ತಿಯೇ ಎಂಬುದು ಅವರ ವಾದ. ಪ್ರಾರ್ಥನೆಗೆಂದು ಬರೆದ ಪತ್ರ ಹೀಗೆ ಚುನಾವಣಾ ಭಾಷಣದ ಸರಕಾಯಿತು.

ನನ್ನ ಮಟ್ಟಿಗೆ ಆ ಪತ್ರ ಬರೆದದ್ದು ತಪ್ಪಲ್ಲ. ಬರೆದವರ ನೆಲೆಯನ್ನು ಮೊದಲು ನೋಡಬೇಕು. ಮ್ಯಾಕ್ವಾನ್ ಹೊರಗಿನಿಂದ ಬಂದವರಲ್ಲ, ಗುಜರಾತಿನವರೇ. ಮ್ಯಾಕ್ವಾನ್, ಪರ್ಮಾರ್ ಎಂಬ ಅಡ್ಡಹೆಸರುಗಳು ಖೇಡಾ, ಆಣಂದ ಸೀಮೆಯ ಕ್ರೈಸ್ತ ಮನೆಗಳಲ್ಲಿ ಸಾಮಾನ್ಯ. 2011ರ ಜನಗಣತಿಯ ಪ್ರಕಾರ ಆರು ಕೋಟಿ ಜನರ ಆ ರಾಜ್ಯದಲ್ಲಿ ಕ್ರೈಸ್ತರು ಸುಮಾರು 3.16 ಲಕ್ಷ, ಅಂದರೆ ನೂರಕ್ಕೆ ಅರ್ಧ. 1998ರ ಕ್ರಿಸ್‌ಮಸ್ ಹೊತ್ತಿಗೆ ಡಾಂಗ್ ಜಿಲ್ಲೆಯಲ್ಲಿ ಅವರ ಪ್ರಾರ್ಥನಾ ಮಂದಿರಗಳಿಗೆ ಬೆಂಕಿ ಬಿತ್ತು. 2003ರಲ್ಲಿ ಮತಾಂತರಕ್ಕೆ ಜಿಲ್ಲಾಧಿಕಾರಿಯ ಅನುಮತಿ ಬೇಕೆನ್ನುವ ಕಾನೂನು ಬಂತು. ತಮ್ಮ ಮತದಿಂದ ಒಂದು ಸೀಟನ್ನೂ ಅಲುಗಾಡಿಸಲಾಗದ ಜನ ದೇವರ ಮುಂದೆ ಕೈಮುಗಿಯುವುದರಲ್ಲಿ ಅಪರಾಧವೇನಿದೆ? ಅದೇ ಚುನಾವಣೆಯಲ್ಲಿ ಎರಡೂ ದೊಡ್ಡ ಪಕ್ಷಗಳ ನಾಯಕರು ಕ್ಯಾಮೆರಾಗಳನ್ನು ಕರೆದುಕೊಂಡೇ ದೇವಸ್ಥಾನಗಳಿಗೆ ಹೋದರು.

ಕಾನೂನಿನ ಮಾತು ಬೇರೆ, ಅದನ್ನು ತಳ್ಳಿಹಾಕುವ ಹಾಗಿಲ್ಲ. 1951ರ ಜನಪ್ರಾತಿನಿಧ್ಯ ಕಾಯ್ದೆಯ 123(3)ನೇ ಕಲಂ ಧರ್ಮದ ಹೆಸರಿನಲ್ಲಿ ಮತ ಕೇಳುವುದನ್ನು ಭ್ರಷ್ಟಾಚರಣೆ ಎನ್ನುತ್ತದೆ. ಪತ್ರ ಹೊರಬಿದ್ದ ವರ್ಷದ ಜನವರಿ 2ರಂದೇ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ, ಅಭಿರಾಮ್ ಸಿಂಗ್ ಪ್ರಕರಣದಲ್ಲಿ, ಅಭ್ಯರ್ಥಿಯ ಧರ್ಮ ಮಾತ್ರವಲ್ಲ ಮತದಾರರ ಧರ್ಮದ ಹೆಸರೆತ್ತಿ ಮತ ಕೇಳುವುದೂ ನಿಷಿದ್ಧ ಎಂದು 4–3ರ ಬಹುಮತದಿಂದ ಹೇಳಿತ್ತು. ಗಾಂಧಿನಗರದ ಪತ್ರ ಯಾವ ಅಭ್ಯರ್ಥಿಯ ಹೆಸರನ್ನೂ ಎತ್ತಲಿಲ್ಲ, ಇಂಥವರಿಗೆ ಮತ ಹಾಕಿ ಎಂದೂ ಹೇಳಲಿಲ್ಲ. ಆದ್ದರಿಂದ ನೋಟಿಸು ಅತಿಯಾಯಿತು ಎಂದೇ ನಾನು ಹೇಳುವುದು.

ನನ್ನ ತಕರಾರು ಪತ್ರದ ಪ್ರಾರ್ಥನೆಯ ಬಗ್ಗೆ, ಅದೂ ಕ್ರೈಸ್ತರ ಅಳತೆಗೋಲಿನಿಂದಲೇ. ಆಳುವವರಿಗಾಗಿ ಬೇಡುವ ಈ ಪದ್ಧತಿಯ ಮೂಲ ಪೌಲನು ತಿಮೊಥೆಯನಿಗೆ ಬರೆದ ಮೊದಲ ಪತ್ರದಲ್ಲಿದೆ. ಅರಸರಿಗಾಗಿ, ಅಧಿಕಾರದಲ್ಲಿರುವ ಎಲ್ಲರಿಗಾಗಿ ವಿಜ್ಞಾಪನೆ ಮಾಡಿ, ಕೃತಜ್ಞತೆಯನ್ನೂ ಸಲ್ಲಿಸಿ ಎನ್ನುತ್ತಾನೆ ಅವನು. ಸಂಪ್ರದಾಯದ ಲೆಕ್ಕದಲ್ಲಿ ಆಗ ಸಿಂಹಾಸನದ ಮೇಲಿದ್ದವನು ನೀರೋ. ಅದಕ್ಕೂ ಶತಮಾನಗಳ ಹಿಂದೆ ಯೆರೆಮೀಯನು ಬಾಬಿಲೋನಿಗೆ ಸೆರೆಹೋದವರಿಗೆ ಪತ್ರ ಬರೆದು, ನಿಮ್ಮನ್ನು ಹೊತ್ತೊಯ್ದ ಆ ಊರಿನ ಒಳಿತಿಗಾಗಿಯೇ ಬೇಡಿಕೊಳ್ಳಿ ಎಂದಿದ್ದ. ಈ ಎರಡೂ ಕಡೆ ಬೇಡುವವರಿಗೆ ಮತದ ಹಕ್ಕಿರಲಿಲ್ಲ, ಆಳುವವನು ಅವರವನೂ ಅಲ್ಲ. ಅವನು ಬದಲಾಗಲಿ ಎಂದು ಕೇಳಿಕೊಳ್ಳಬಹುದಿತ್ತು. ಅವನಿಂದ ಪಾರುಮಾಡು ಎಂಬ ಮೊರೆಗೂ ಕೀರ್ತನೆಗಳಲ್ಲಿ ಜಾಗವಿದೆ, ಆದರೆ ಆ ಮೊರೆಯನ್ನು ಆಳುವವರಿಗಾಗಿ ಸಲ್ಲಿಸುವ ಪ್ರಾರ್ಥನೆ ಎಂದು ಕರೆಯಲಾಗದು. ಗಾಂಧಿನಗರದ ಪತ್ರದಲ್ಲಿ ಈ ಎರಡೂ ಬೆರೆತುಹೋದವು. ರಾಷ್ಟ್ರೀಯವಾದಿ ಶಕ್ತಿಗಳು ಎಂದ ಕೂಡಲೇ ಬಿಜೆಪಿಗೆ ಮತ ಹಾಕುವ ನೆರೆಮನೆಯವರೂ ಆ ಪ್ರಾರ್ಥನೆಯಿಂದ ಹೊರಗುಳಿದರು.

ಇದೇ ಕ್ಯಾಥೋಲಿಕ್ ಸಭೆಯ ಕೈಯಲ್ಲಿ ಇದಕ್ಕಿಂತ ಎಷ್ಟೋ ಪಕ್ವವಾದ ಮಾದರಿಯಿದೆ. ಶುಭ ಶುಕ್ರವಾರದ ಮಧ್ಯಾಹ್ನ, ಬಲಿಪೂಜೆಯೇ ಇಲ್ಲದ ಆ ಒಂದು ದಿನ, ಹತ್ತು ವಿಜ್ಞಾಪನೆಗಳು ಸಾಲಾಗಿ ಬರುತ್ತವೆ. ಸಭೆಗಾಗಿ, ಪೋಪ್‌ಗಾಗಿ, ಯೆಹೂದ್ಯರಿಗಾಗಿ, ಕ್ರಿಸ್ತನನ್ನು ನಂಬದವರಿಗಾಗಿ, ದೇವರನ್ನೇ ನಂಬದವರಿಗಾಗಿ. ಒಂಬತ್ತನೆಯದು ಸಾರ್ವಜನಿಕ ಅಧಿಕಾರದಲ್ಲಿ ಇರುವವರಿಗಾಗಿ. ಯಾರಿಗಾಗಿ ಎಂದು ಮೊದಲು ಹೇಳುತ್ತಾರೆ. ಜನ ಮೊಣಕಾಲೂರುತ್ತಾರೆ. ಸ್ವಲ್ಪ ಹೊತ್ತು ಯಾರೂ ಮಾತಾಡುವುದಿಲ್ಲ. ಆಮೇಲೆ ಎದ್ದು ನಿಂತಾಗ ಗುರುಗಳು ಎಲ್ಲರ ಪರವಾಗಿ ಪ್ರಾರ್ಥನೆ ಹೇಳುತ್ತಾರೆ. ಆ ನಡುವಿನ ಮೌನ ನನಗೆ ಬಹಳ ದೊಡ್ಡದು. ಮುಖ್ಯಮಂತ್ರಿಯನ್ನು ಮೆಚ್ಚುವವರೂ ಮೆಚ್ಚದವರೂ ಅಕ್ಕಪಕ್ಕದಲ್ಲೇ ಮಂಡಿಯೂರಿ, ತಮ್ಮ ಮನಸ್ಸಿನಲ್ಲಿದ್ದುದನ್ನು ಅಲ್ಲಿಯೇ ಇಳಿಸುತ್ತಾರೆ. ಗುರುಗಳು ಗಟ್ಟಿಯಾಗಿ ಹೇಳುವುದು ಇಬ್ಬರೂ ಆಮೆನ್ ಎನ್ನಬಹುದಾದ ಮಾತನ್ನು. ಚುನಾವಣೆ ಇರಲಿ ಬಿಡಲಿ, ಇದು ಪ್ರತಿ ವರ್ಷ ನಡೆಯುತ್ತದೆ.

ಇದರ ಎದುರು ತುದಿಯೂ ಒಂದಿದೆ. ಆಂಗ್ಲಿಕನ್ನರ 1662ರ ಪ್ರಾರ್ಥನಾ ಪುಸ್ತಕದಲ್ಲಿ ರಾಜನಿಗಾಗಿ ಪ್ರಾರ್ಥನೆ ಅಚ್ಚಾಗಿತ್ತು, ಬ್ರಿಟಿಷರ ಕಾಲದಲ್ಲಿ ನಮ್ಮ ನೆಲದಲ್ಲೂ ಅದನ್ನು ಓದುತ್ತಿದ್ದರು. ಅಲ್ಲಿ ಪ್ರಾರ್ಥನೆ ರಾಜನಿಷ್ಠೆಯ ಪ್ರಮಾಣದಂತಾಗುವ ಅಪಾಯವಿತ್ತು. ವಿರೋಧಕ್ಕೆ ವಾಲುವುದು ಹೇಗೆ ತಪ್ಪೋ ಹೊಗಳಿಕೆಗೆ ವಾಲುವುದೂ ಹಾಗೇ.

ಗಾಂಧಿನಗರದ ಅನುಭವದಿಂದ ಪಾಠ ಕಲಿತದ್ದೂ ಉಂಟು, ಆದರೆ ತಕ್ಷಣವೇ ಅಲ್ಲ. 2018ರ ಮೇ 8ರಂದು ದೆಹಲಿಯ ಮಹಾಧರ್ಮಾಧ್ಯಕ್ಷ ಅನಿಲ್ ಕೌಟೊ, ದೇಶದ ರಾಜಕೀಯ ವಾತಾವರಣ ಪ್ರಕ್ಷುಬ್ಧವಾಗಿದೆ, 2019ರ ಚುನಾವಣೆಗಾಗಿ ಶುಕ್ರವಾರಗಳಂದು ಉಪವಾಸ ಮಾಡಿ ಎಂದು ಬರೆದಾಗ ಮತ್ತೆ ಅದೇ ಗದ್ದಲವೆದ್ದಿತು. 2024ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಸಭೆ ಸೇರಿದ್ದ ಭಾರತೀಯ ಕ್ಯಾಥೋಲಿಕ್ ಧರ್ಮಾಧ್ಯಕ್ಷರ ಮಂಡಳಿ ಮಾರ್ಚ್ 22ರ ಶುಕ್ರವಾರವನ್ನು ದೇಶಕ್ಕಾಗಿ ಪ್ರಾರ್ಥನೆ, ಉಪವಾಸದ ದಿನವೆಂದು ಸಾರಿತು. ದೇಶಕ್ಕಾಗಿ ಎಂದು ಕರೆದ ಆ ದಿನ ಎಲ್ಲರೂ ಸೇರಬಹುದಾದ ದಿನವಾಗಿತ್ತು.

ಅದೇ 2024ರ ಲೋಕಸಭಾ ಚುನಾವಣೆಯಲ್ಲಿ ಸೂರತ್ ಇನ್ನೊಂದು ಪ್ರಶ್ನೆಯನ್ನು ಮುಂದಿಟ್ಟಿತು. ಕಾಂಗ್ರೆಸ್ ಅಭ್ಯರ್ಥಿ ನೀಲೇಶ್ ಕುಂಭಾಣಿ ಅವರ ನಾಮಪತ್ರ ಸೂಚಕರ ಸಹಿಯ ತಕರಾರಿನಲ್ಲಿ ತಿರಸ್ಕೃತವಾಯಿತು, ಉಳಿದವರು ಹಿಂದೆ ಸರಿದರು, ಏಪ್ರಿಲ್ 22ರಂದು ಬಿಜೆಪಿಯ ಮುಕೇಶ್ ದಲಾಲ್ ಅವಿರೋಧವಾಗಿ ಸಂಸದರಾದರು. ಮೇ 7ರಂದು ಅಹಮದಾಬಾದ್, ವಡೋದರಾದ ಜನ ಮತಗಟ್ಟೆಗೆ ಹೋದರು. ಸೂರತ್ ಕ್ಷೇತ್ರದಲ್ಲಿ ಮತಗಟ್ಟೆಯೇ ತೆರೆಯಲಿಲ್ಲ. ಒಳ್ಳೆಯವರು ಆರಿಸಿ ಬರಲಿ ಎಂಬ ಪ್ರಾರ್ಥನೆ ಆರಿಸುವುದೇ ಇಲ್ಲದ ಊರಿನಲ್ಲಿ ಏನಾಗಬೇಕು? ಬರೀ ಫಲಿತಾಂಶಕ್ಕೆಂದು ಬೇಡಿದ್ದರೆ ಅದು ಅಲ್ಲಿಗೇ ನಿಂತುಹೋಗುತ್ತದೆ. ಪೌಲನ ಮಾತನ್ನು ಹಿಡಿದು ಬೇಡಿದ್ದರೆ ಕೆಲಸ ಶುರುವಾಗುವುದೇ ಅಲ್ಲಿಂದ: ಸಂಸದರು ನ್ಯಾಯವಾಗಿ ನಡೆಯಲಿ, ತಮಗೆ ಮತ ಹಾಕಲು ಅವಕಾಶವೇ ಸಿಗದವರ ಮಾತನ್ನೂ ಕೇಳಲಿ ಎಂದು.

ಚುನಾವಣಾ ಪ್ರಾರ್ಥನೆಯ ದೊಡ್ಡ ಕೊರತೆ ಇಲ್ಲಿದೆ. ಅದು ಮತದಾನದ ದಿನದತ್ತಲೇ ಓಡುತ್ತದೆ. 2017ರ ಡಿಸೆಂಬರ್ 18ರಂದು ಮತ ಎಣಿಸಿದಾಗ 182 ಸ್ಥಾನಗಳಲ್ಲಿ ಬಿಜೆಪಿ 99, ಕಾಂಗ್ರೆಸ್ 77 ಗೆದ್ದವು. ಅವರಲ್ಲಿ ಒಬ್ಬೊಬ್ಬ ಶಾಸಕರಿಗೂ ಅಂದಿನಿಂದ ಐದು ವರ್ಷ ವಿವೇಕ ಬೇಕಿತ್ತು.

ಗುಜರಾತ್ ವಿಧಾನಸಭೆಗೆ 2027ರ ಕೊನೆಯ ಹೊತ್ತಿಗೆ ಮತ್ತೆ ಚುನಾವಣೆ ಬರಬೇಕು, ಕರ್ನಾಟಕಕ್ಕೆ 2028ರಲ್ಲಿ. ಧರ್ಮಾಧ್ಯಕ್ಷರು ಆಗಲೂ ಪತ್ರ ಬರೆಯಲಿ. ನೋಟಿಸಿಗೆ ಹೆದರಿ ಸುಮ್ಮನಾಗುವುದು ಬೇಡ. ಆದರೆ ಇನ್ನೊಂದು ಪತ್ರವನ್ನೂ ಬರೆಯಲಿ, ಅದನ್ನು ಮತ ಎಣಿಕೆ ಮುಗಿದ ಮೊದಲ ಭಾನುವಾರ ಓದಿಸಲಿ. ಅದರಲ್ಲಿ ಆ ಕ್ಷೇತ್ರದಿಂದ ಗೆದ್ದವರು ಯಾರೇ ಆಗಿರಲಿ, ಅವರ ಹೆಸರಿರಲಿ.